ಕಣದಲ್ಲಿ ಬೆಳೆದ ಆಟ

ಅವತ್ತು ಗುಬ್ಬಿಯಲ್ಲಿ ತಂಗಿಯ ಮನೆ ಹಿಂದಿನ ಕಣದ ಬದುವಿನ ಮೇಲೆ ನಾವಿಷ್ಟು ಜನ ಕೂತಿದ್ದೆವು: ನನ್ನ ತಂಗಿ, ಅವಳ ಗಂಡ, ತಂಗಿಯ ಮಾವನವರು ಮತ್ತು ನಾನು. ಬೆಂಗಳೂರಿನಿಂದ ಕಾರಿನಲ್ಲಿ ಬಂದ ಟೆನಿಸ್ ಕೋಚು ಇನ್ನೂ ಕೂತಿರಲಿಲ್ಲ. ತಂಗಿಯ ಮಗಳು, ಹದಿನಾರು ತುಂಬಿದ ಹುಡುಗಿ, ಕಣದೊಳಗೆ ಬರಿಗಾಲಲ್ಲಿ ನಿಂತು ರ‍್ಯಾಕೆಟ್ಟನ್ನು ಅಂಗೈಯಲ್ಲಿ ಸುತ್ತಿಸುತ್ತಿದ್ದಳು. ಅವಳು ಮುಂದೆ ಟೆನಿಸ್ಸನ್ನೇ ಕಸುಬು ಮಾಡಿಕೊಂಡು ಬದುಕಬಹುದೇ, ಪ್ರೊಫೆಷನಲ್ ಆಗಬಹುದೇ ಅಂತ ಆ ಕೋಚು ನೋಡಿ ಹೇಳಬೇಕಾಗಿತ್ತು. ಹೆಣ್ಣು ನೋಡಲು ಬಂದವರ ಎದುರು ಬಾಯಿ ಬಿಗಿದುಕೊಂಡು ಕೂತಿರುತ್ತಾರಲ್ಲ ಮನೆಯವರು, ಹಾಗೆ ಕೂತಿದ್ದೆವು ನಾವು.

ಕೋಚು ಬದು ದಾಟಿ ಒಂದು ಕಾಲು ಒಳಗಿಟ್ಟಿದ್ದೇ ತಂಗಿಯ ಮಾವ ಎದ್ದು ನಿಂತರು. ಹಣೆಯ ಮೇಲೆ ಮೂರೆಳೆ ವಿಭೂತಿ, ಹೆಗಲ ಮೇಲೆ ಟವೆಲ್ಲು. ಮನೆಯಲ್ಲಿ ಎಲ್ಲರೂ ಅವರನ್ನು ತಾತ ಅಂತಲೇ ಕರೆಯುವುದು, ನಾನೂ ಸೇರಿಸಿ.

"ಸ್ವಾಮಿ, ಮೆಟ್ಟು ಅಲ್ಲೇ ಬುಡಿ. ಕಣದೊಳಕ್ಕೆ ಮೆಟ್ಟು ಹಾಕ್ಕಂಡು ಯಾರೂ ಬರಂಗಿಲ್ಲ."

"ಇದು ಟೆನಿಸ್ ಶೂ ಅಜ್ಜ, ಇದಕ್ಕೇ ಅಂತ ಮಾಡಿರೋದು."

"ಯಾವುದಕ್ಕೆ ಮಾಡಿದ್ರೂ ಮೆಟ್ಟು ಮೆಟ್ಟೇ ಅಲ್ವಾ ಸ್ವಾಮಿ?"

"ಮಂತ್ರಿ ಬಂದ್ರೂ ಹಿಂಗೇ ಹೇಳೋದು ಸಾರ್, ಬೇಜಾರು ಮಾಡ್ಕೋಬೇಡಿ," ಅಂದಳು ನನ್ನ ತಂಗಿ. ಕೋಚು ನಕ್ಕು, ಬಗ್ಗಿ, ಲೇಸು ಬಿಚ್ಚಿದ. ಒಳ್ಳೆಯ ಮನುಷ್ಯ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವನ ಬಾಯಿಂದ ಬಂದ ಮಾತು ಕೇಳಿ ಅವನ ಮೇಲೆ ಯಾರಿಗಾದರೂ ಸಿಟ್ಟು ಬಂದೀತು.

ಆ ಕಣದ ಕಥೆ ಸ್ವಲ್ಪ ಹೇಳಬೇಕು. ತಂಗಿಯ ಮನೆಯವರು ಮೂಲದಲ್ಲಿ ಹಾಗಲವಾಡಿ ಕಡೆಯವರು. ಗುಬ್ಬಿಗೆ ಬಂದು ನೆಲೆನಿಂತ ಮೇಲೆ ಮನೆ ಹಿಂದಿನ ಜಾಗದಲ್ಲಿ ತಾತ ಒಂದು ಕಣ ಮಾಡಿಕೊಂಡಿದ್ದರು. ಈಗ ಕಣ ಯಾರಿಗೆ ಬೇಕು? ರಾಗಿ ಒಕ್ಕಣೆ ಮಿಷನ್ನಿನ ಪಾಲಾಗಿದೆ. ಮಿಷನ್ನು ಸಿಕ್ಕದವರು ಟಾರು ರಸ್ತೆಯ ಮೇಲೆ ಹರವಿ ಬಸ್ಸಿನ ಚಕ್ರಕ್ಕೆ ಒಪ್ಪಿಸುತ್ತಾರೆ. ಹಾಗಾಗಿ ಅದು ಖಾಲಿ ಬಿದ್ದಿತ್ತು. ಹುಡುಗಿ ಎಂಟು ವರ್ಷದವಳಿದ್ದಾಗ ಬೇಸಿಗೆ ರಜಕ್ಕೆ ತುಮಕೂರಿನ ಉಪ್ಪಾರಹಳ್ಳಿಯಲ್ಲಿದ್ದ ಅತ್ತೆಯ ಮನೆಗೆ ಹೋದಳು. ಅಲ್ಲಿ ಯಾವುದೋ ಬೇಸಿಗೆ ಶಿಬಿರದಲ್ಲಿ ಟೆನಿಸ್ ಕಲಿತು ಬಂದು, ಮನೆಯ ಹಿಂಗೋಡೆಗೆ ಚೆಂಡು ಹೊಡೆದೂ ಹೊಡೆದೂ ಗಾರೆ ಉದುರಿಸಿದಳು. ಬೇರೆ ಯಾರಾದರೂ ಆಗಿದ್ದರೆ ಕಿವಿ ಹಿಂಡುತ್ತಿದ್ದರು. ತಾತ ಉದುರಿದ ಗಾರೆಯನ್ನು ಪೊರಕೆಯಲ್ಲಿ ಒಂದು ಕಡೆ ಗುಡಿಸಿ, "ಗೋಡೆ ಬುಡವ್ವ, ನಿಂಗೆ ಕಣ ಮಾಡಿಕೊಡ್ತೀನಿ," ಅಂದರಂತೆ.

ಅಂದ ಹಾಗೇ ಮಾಡಿದರು. ಮಗ, ಅಂದರೆ ಹುಡುಗಿಯ ಅಪ್ಪ, ಫೋನಿನಲ್ಲಿ ಅಳತೆ ನೋಡಿ ಹಗ್ಗ ಎಳೆದ. ಅವನದು ಪಂಪಿನ ಮೋಟಾರು ರಿವೈಂಡಿಂಗ್ ಅಂಗಡಿ. ತಾಮ್ರದ ತಂತಿ ಸುತ್ತುವ ಕೈ, ಮುಂದೆ ಮಗಳ ರ‍್ಯಾಕೆಟ್ಟಿನ ದಾರವನ್ನೂ ತಾನೇ ಬಿಗಿಯುವಷ್ಟು ಕಲಿತುಕೊಂಡ. ದುಂಡಗಿದ್ದ ಕಣ ಚೌಕವಾಯಿತು, ಉದ್ದವಾಯಿತು. ತಾತ ಕೆರೆಯ ಗೋಡುಮಣ್ಣು, ಹುತ್ತದ ಮಣ್ಣು ಹೊಡೆಸಿ, ನೀರು ಬಿಟ್ಟು, ತುಳಿಸಿ, ಕಲ್ಲಿನ ಗುಂಡು ಉರುಳಿಸಿ, ಮೇಲೆ ಸೆಗಣಿಯ ಬಗ್ಗಡ ಹಾಕಿ ಸಾರಿಸಿದರು. ನಡುವೆ ಇದ್ದ ಮೇಟಿಯನ್ನು, ಅದೇ ಎತ್ತು ಕಟ್ಟುತ್ತಿದ್ದ ಕಂಬವನ್ನು, ಕಿತ್ತು ಎಸೆಯುವುದು ಒಳ್ಳೆಯದಲ್ಲ ಅಂತ ಪಕ್ಕಕ್ಕೆ ನೆಟ್ಟು ಅದಕ್ಕೇ ನೆಟ್ಟಿನ ಒಂದು ತುದಿ ಕಟ್ಟಿಸಿದರು. ಗೆರೆಗಳಿಗೆ ಸುಣ್ಣ. ಆ ಮೇಲಿನಿಂದ ವಾರಕ್ಕೊಮ್ಮೆ ಸಾರಿಸುವುದು ಅವರ ವ್ರತದಂತಾಯಿತು. ಒಂದು ಬಿರುಕು ಕಂಡರೂ ಅಲ್ಲಿಗೆ ಅಂಗೈ ಇಟ್ಟು ಉಜ್ಜುತ್ತಿದ್ದರು. ಕನ್ನಡಿ ಒರೆಸಿದ ಹಾಗಿರುತ್ತಿತ್ತು ನೆಲ.

ಅಂಥ ನೆಲದ ಮೇಲೆ ಚೆಂಡು ಪುಟಿಯುವುದು ಕಡಿಮೆ, ಜಾರುವುದು ಹೆಚ್ಚು. ಬಿದ್ದದ್ದೇ ಸರ್ರನೆ ಮೊಣಕಾಲ ಕೆಳಗೇ ಹರಿದುಹೋಗುತ್ತಿತ್ತು. ಹುಡುಗಿ ಅದಕ್ಕೆ ತಕ್ಕಂತೆ ಬಗ್ಗುವುದನ್ನು ಕಲಿತಳು. ನೆಲಕ್ಕೆ ಬೆರಳಿನ ಗಿಣ್ಣು ತಾಗುತ್ತದೇನೋ ಎಂಬಂತೆ ಬಗ್ಗಿ, ಚೆಂಡಿನ ತಳವನ್ನು ಕೊಯ್ದ ಹಾಗೆ ಹೊಡೆಯುವಳು. ಆ ಚೆಂಡು ನೆಟ್ಟಿನ ಮೇಲಂಚು ಸವರಿ ಆಚೆ ಬಿದ್ದರೆ ಏಳುತ್ತಲೇ ಇರಲಿಲ್ಲ. "ನಮ್ಮವ್ವ ಕುಡುಗೋಲು ಹಿಡ್ದಂಗೆ ಹಿಡೀತಾಳೆ ಬ್ಯಾಟ," ಅಂತ ತಾತ ಎಲ್ಲರ ಮುಂದೆ ಹೊಗಳುತ್ತಿದ್ದರು. ತುಮಕೂರಿನಲ್ಲಿ ಅವಳು ಆಡುತ್ತಿದ್ದ ಅಂಗಳಗಳೂ ಮಣ್ಣಿನವೇ. ಅಲ್ಲಿ ಅವಳ ವಯಸ್ಸಿನವರಿರಲಿ, ಬೆಳಗಿನ ಹೊತ್ತು ಆಡಲು ಬರುತ್ತಿದ್ದ ಲಾಯರುಗಳು, ಡಾಕ್ಟರುಗಳು ಕೂಡ ಅವಳ ಎದುರು ಸೊಂಟ ಹಿಡಿದುಕೊಂಡು ಕೂರುತ್ತಿದ್ದರು. ತಂಗಿಯ ಮನೆಯ ಶೋಕೇಸಿನಲ್ಲಿ ಕಪ್ಪುಗಳು ತುಂಬಿ, ಕೊನೆಗೆ ಗಣಪತಿಯನ್ನು ಫ್ರಿಜ್ಜಿನ ಮೇಲಕ್ಕೆ ಸಾಗಿಸಬೇಕಾಯಿತು. ಇವಳು ಪ್ರೊಫೆಷನಲ್ ಆಗುತ್ತಾಳೆ ಎಂಬ ಮಾತನ್ನು ಮೊದಲು ಯಾರು ಆಡಿದರೋ ಗೊತ್ತಿಲ್ಲ. ಒಂದು ದಿನ ನೋಡಿದರೆ ಎಲ್ಲರ ಬಾಯಲ್ಲೂ ಅದೇ ಇತ್ತು, ನನ್ನ ಬಾಯಲ್ಲೂ.

ಹದಿನೈದಕ್ಕೆ ಬೆಂಗಳೂರಿನ ದೊಡ್ಡ ಟೂರ್ನಿಗಳಿಗೆ ಹೋಗತೊಡಗಿದಳು. ಅಲ್ಲಿ ನೀಲಿ ಬಣ್ಣ ಬಳಿದ ಗಟ್ಟಿ ನೆಲ. ಮೊದಲನೇ ಆಟದಲ್ಲೇ ಸೋತಳು. ಶೂ ಕಚ್ಚಿತು, ಅಭ್ಯಾಸವಿಲ್ಲ ಪಾಪ ಅಂದುಕೊಂಡೆವು. ಎರಡನೇ ಸಲ ಸೋತಾಗ ಹಿಂದಿನ ರಾತ್ರಿ ತಿಂದ ಹೋಟೆಲ್ ಊಟವನ್ನು ಬೈದೆವು. ಮೂರನೇ ಸಲ ಸೋತಾಗ ನನ್ನ ತಂಗಿ ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದಳು. ಆಮೇಲೆ ತುಮಕೂರಿನ ಡಾಕ್ಟರೊಬ್ಬರು, ಅವಳ ಕೈಲಿ ಯಾವಾಗಲೂ ಸೋಲುತ್ತಿದ್ದವರು, "ಒಳ್ಳೇ ಕೋಚಿಗೆ ಒಂದ್ಸಲ ತೋರಿಸಿ," ಅಂತ ಈ ಮನುಷ್ಯನನ್ನು ಗೊತ್ತುಮಾಡಿಕೊಟ್ಟರು. ಮಗು ಎಲ್ಲಿ ಆಡಿ ಬೆಳೆದಿದೆಯೋ ಅಲ್ಲೇ ನೋಡುತ್ತೇನೆ ಅಂತ ಅವನೇ ಗುಬ್ಬಿಗೆ ಬಂದ.

ಬರಿಗಾಲಲ್ಲಿ ಕೋಚು ಅವಳ ಎದುರು ನಿಂತು ಆಡಿದ. ಆಹಾ, ಏನು ಆಟ ಆಡಿದಳು ಅವತ್ತು. ಅವನು ಓಡಿಬರುವಷ್ಟರಲ್ಲಿ ಚೆಂಡು ಎರಡನೇ ಸಲ ನೆಲ ಮುಟ್ಟಿರುತ್ತಿತ್ತು. ಅವನು ಬಗ್ಗಲಾರದೆ ರ‍್ಯಾಕೆಟ್ಟಿನಿಂದ ನೆಲ ಕೆರೆದ. ತಾತ ತಕ್ಷಣ, "ನೆಲ ನೋಡ್ಕಳಿ ಸ್ವಾಮಿ," ಅಂದರು. ತಂಗಿಯ ಗಂಡ ನನ್ನ ಕಡೆ ವಾಲಿ, "ಅಕ್ಕ, ಕೋಚನ್ನೇ ಸುಸ್ತು ಮಾಡ್ಸವ್ಳೆ ನೋಡಿ," ಅಂದ. ಅವನ ಕಣ್ಣಲ್ಲಿ ನೀರು ತುಂಬಿತ್ತು.

ಕೋಚು ಬಂದು ಬದುವಿನ ಮೇಲೆ ಕೂತು, ತಂಗಿ ಕೊಟ್ಟ ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟ. "ಎಷ್ಟು ವರ್ಷದಿಂದ ಇಲ್ಲಾಡ್ತಾ ಇದಾಳೆ?" ಅಂತ ಕೇಳಿದ.

"ಎಂಟ್ನೇ ವರ್ಷದಿಂದ ಸಾರ್. ಒಂದಿನಾನೂ ತಪ್ಪಿಸಿಲ್ಲ," ಅಂದ ಅಪ್ಪ, ಹೆಮ್ಮೆಯಿಂದ.

ಕೋಚು ಒಂದು ಚೆಂಡನ್ನು ಎತ್ತಿ ನೆಲಕ್ಕೆ ಬಿಟ್ಟ. ಅದು ಅವನ ಮೀನಖಂಡದವರೆಗೆ ಬಂದು ತಣ್ಣಗಾಯಿತು. "ನೋಡಿ, ಇಲ್ಲಿ ಇಷ್ಟೇ ಬರುತ್ತೆ. ಹೊರಗಡೆ," ಎಂದು ತನ್ನ ಹೆಗಲನ್ನು ಮುಟ್ಟಿಕೊಂಡ, "ಇಲ್ಲಿಗೆ ಬರುತ್ತೆ. ದೊಡ್ಡ ಟೂರ್ನಿಗಳೆಲ್ಲ ಹೆಚ್ಚುಕಮ್ಮಿ ಅಂಥ ನೆಲದ ಮೇಲೇನೇ. ಇವಳ ಕೈ ಒಳ್ಳೇದು, ಕಣ್ಣು ಒಳ್ಳೇದು. ಇಂಥ ಕೈ ನಾನು ನೋಡಿರೋದೇ ಕಮ್ಮಿ. ಆದ್ರೆ ಹಿಡಿಯೋದು, ನಿಲ್ಲೋದು, ಓಡೋದು ಎಲ್ಲಾನೂ ಈ ನೆಲಕ್ಕೆ ಕಲ್ತುಬಿಟ್ಟಿದಾಳೆ."

"ತಿದ್ದೋಕಾಗಲ್ವಾ ಸಾರ್?" ಅಂದ ಅಪ್ಪ.

"ಹತ್ತು ಹನ್ನೊಂದಕ್ಕೆ ನನ್ನತ್ರ ಬಂದಿದ್ರೆ ತಿದ್ದಬೋದಿತ್ತು. ಈಗ..." ಎಂದು ನಿಲ್ಲಿಸಿದ. "ಆರು ತಿಂಗಳು ಗಟ್ಟಿ ನೆಲದ ಮೇಲೆ ಆಡಿಸಿ. ಆಮೇಲೆ ಒಂದ್ಸಲ ನೋಡ್ತೀನಿ. ಇಲ್ಲಿ ಮಾತ್ರ ಆಡಿಸ್ಬೇಡಿ."

ತಾತನಿಗೆ ಕಿವಿ ಸ್ವಲ್ಪ ಮಂದ. ಮಾತಿನ ಬಾಲವಷ್ಟೇ ಕೇಳಿಸಿರಬೇಕು. "ಯಾಕೆ ಸ್ವಾಮಿ, ನೆಲ ಸರಿಯಾಗಿಲ್ವಾ?" ಅಂದರು.

ಕೋಚು ಅವರ ಮುಖ ನೋಡಿದ. "ನೆಲ ಚೆನ್ನಾಗಿದೆ ಅಜ್ಜ. ಇಷ್ಟು ನುಣ್ಣಗಿರೋ ಕೋರ್ಟು ನಾನು ಎಲ್ಲೂ ನೋಡಿಲ್ಲ."

"ವಾರ ತಪ್ಪಿಸಂಗಿಲ್ಲ ಸ್ವಾಮಿ, ಸಾರಿಸ್ತೀನಿ," ಎಂದು ತಾತ ಟವೆಲ್ಲು ಕೊಡವಿ ಹೆಗಲ ಮೇಲೆ ಹಾಕಿಕೊಂಡರು. ಹುಡುಗಿ ನೆಟ್ಟಿನ ಹತ್ತಿರ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಚೆಂಡುಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕಿದಳು.

ನನ್ನ ಮನೆ ಕುಣಿಗಲ್ಲಿನಲ್ಲಿ. ಊರಾಚೆ ಒಂದು ವಸತಿ ಶಾಲೆಯಲ್ಲಿ ಸಿಮೆಂಟಿನ ಕೋರ್ಟು ಇತ್ತು. ಅಲ್ಲಿನ ಮುಖ್ಯಸ್ಥರು ಬೆಳಗ್ಗೆ ಬೆಳಗ್ಗೆ ಆಡಿಕೊಳ್ಳಲಿ ಅಂದರು, ಅಲ್ಲಿಯ ಪಿ.ಟಿ. ಮೇಷ್ಟ್ರು ಚೆಂಡು ಹಾಕಿಕೊಡಲು ಒಪ್ಪಿದರು. ಹೀಗೆ ಹುಡುಗಿ ಬಟ್ಟೆಬರೆ ಕಟ್ಟಿಕೊಂಡು ನನ್ನ ಮನೆಗೆ ಬಂದಳು. ತಾತನಿಗೆ, ಪಿಯುಸಿ ಓದಿಗೆ ಅಲ್ಲಿ ಅನುಕೂಲ ಅಂತ ಹೇಳಿದ್ದಾಯಿತು.

ಬೆಳಗಿನ ಹೊತ್ತು ಹೊಂಗೆ ಮರದ ಕೆಳಗೆ ಕೂತು ನಾನು ನೋಡುತ್ತಿದ್ದೆ. ಮೇಷ್ಟ್ರು ಹಾಕಿದ ಚೆಂಡು ನೆಲಕ್ಕೆ ಬಡಿದು ಮೇಲೆದ್ದರೆ, ಅಟ್ಟದ ಮೇಲಿನ ಡಬ್ಬ ಇಳಿಸುವವರ ಹಾಗೆ ಹುಡುಗಿ ತುದಿಗಾಲಲ್ಲಿ ನಿಂತು ಕೈ ಚಾಚುವಳು. ಬಗ್ಗಿದರೆ ಚಿಗರೆಯಂತೆ ಇರುತ್ತಿದ್ದ ಮಗು, ನೆಟ್ಟಗೆ ನಿಂತು ಹೊಡೆ ಅಂದರೆ ಬೇರೆ ಯಾರದೋ ಮೈ ಹಾಕಿಕೊಂಡವಳಂತೆ ಕಾಣುತ್ತಿದ್ದಳು.

"ದೊಡ್ಡಮ್ಮ, ನಾನು ಬಗ್ಗೋ ಹೊತ್ತಿಗೆ ಅದು ತಲೆ ಮೇಲೆ ಹೋಗಿರುತ್ತೆ," ಅಂದಳು ಒಂದು ದಿನ, ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚುತ್ತಾ.

"ಬಗ್ಗಬೇಡ ಕಣೇ ಮತ್ತೆ."

"ಬಗ್ಗಬೇಡ ಅಂತ ತಲೆಗೆ ಗೊತ್ತು. ಮಂಡಿಗೆ ಯಾರು ಹೇಳ್ತಾರೆ? ನೀನ್ ಹೇಳು, ನಿನ್ ಮಾತು ಕೇಳಿದ್ರೂ ಕೇಳ್ತದೆ."

ನಾನು ನಿಜವಾಗಿಯೂ ಅವಳ ಮಂಡಿ ತಟ್ಟಿ, "ಏನ್ಲೇ, ನೆಟ್ಟಗೆ ನಿಂತ್ಕೊಳ್ಳೋಕೆ ಏನ್ ರೋಗ ನಿಂಗೆ?" ಅಂದೆ. ಇಬ್ಬರೂ ನಕ್ಕೆವು. ನಗು ಮುಗಿದ ಮೇಲೆ ಅವಳು ಬಲ ಹೆಗಲನ್ನು ಒತ್ತಿಕೊಳ್ಳುತ್ತಾ ಒಳಗೆ ಹೋದಳು.

ನಮ್ಮಜ್ಜಿ ಒಂದು ಮಾತು ಹೇಳುತ್ತಿದ್ದರು, ಹೆತ್ತವರು ಅನ್ನ ಇಕ್ಕಬಹುದು, ಹಸಿವೆ ಇಕ್ಕೋಕಾಗ್ತದಾ ಅಂತ. ನನಗೆ ಇಕ್ಕಲು ಬರುತ್ತಿದ್ದದ್ದು ಅನ್ನವೇ. ಬಿಸಿನೀರು ಕಾಯಿಸಿದೆ, ಹೆಗಲಿಗೆ ಎಣ್ಣೆ ತಿಕ್ಕಿದೆ, ಮುದ್ದೆಗೆ ಸೊಪ್ಪಿನ ಸಾರು ಮಾಡಿದೆ. ಅವಳಿಗೆ ಬೇಕಾಗಿದ್ದದ್ದು ಹೋದ ವರ್ಷಗಳು. ಅವನ್ನು ನಾನು ಎಲ್ಲಿಂದ ತರಲಿ?

ನಡುವೆ ಹಬ್ಬಕ್ಕೆ ಗುಬ್ಬಿಗೆ ಹೋದೆವು. ಊಟವಾದ ಮೇಲೆ ತಾತ ಅವಳನ್ನು ಜಗಲಿಗೆ ಕರೆದು ಕೂರಿಸಿಕೊಂಡರು. ನಾನು ಬಾಗಿಲಲ್ಲೇ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆ.

"ಕೂಸೇ, ಕುಣಿಗಲ್ನಾಗೆ ಓದ್ತಾ ಇದೀಯ ಅಂತ ನಿಮ್ಮಪ್ಪ ಹೇಳ್ದ. ಪುಸ್ತಕ ತಗಂಡು ಹೋದಂಗೆ ಕಾಣ್ಲಿಲ್ಲ, ಬ್ಯಾಟು ತಗಂಡು ಹೋದೆ. ಕಣ ಏನ್ ಮಾಡ್ತು ನಿಂಗೆ?"

ಹುಡುಗಿ ಸುಳ್ಳು ಹೇಳುವವಳಲ್ಲ. "ಚೆಂಡು ಎತ್ತರಕ್ಕೆ ಏಳ್ಬೇಕು ತಾತ. ನಮ್ ಕಣದಲ್ಲಿ ಏಳಲ್ಲ."

"ಏಟೆತ್ತರ?"

ಅವಳು ತನ್ನ ಹೆಗಲ ಮೇಲೆ ಕೈಯಿಟ್ಟಳು. ತಾತ ಆ ಕೈಯನ್ನು ನೋಡಿದರು. "ಅಷ್ಟೇನಾ? ಮೊದಲೇ ಹೇಳಬಾರದಾಗಿತ್ತಾ," ಅಂದರು.

ನಾವು ಕುಣಿಗಲ್ಲಿಗೆ ಹಿಂತಿರುಗಿದ ಮೇಲೆ ತಾತ ಕಣದ ಒಂದು ತುದಿಯನ್ನು ಅಗೆಸಿಬಿಟ್ಟರು. ಸುಣ್ಣ, ಮರಳು, ಇಟ್ಟಿಗೆ ಪುಡಿ, ಬೆಲ್ಲದ ನೀರು, ಹಳೆಯ ಕಾಲದ ಗಾರೆ ಹೇಗೆ ಅರೆಯುತ್ತಿದ್ದರೋ ಹಾಗೆ ಅರೆಸಿ, ತಾವೇ ಮುಂದೆ ನಿಂತು ಹಾಕಿಸಿದರು. ಬೇಡ ಅಂತ ಮಗ ಹೇಳಲಿಲ್ಲವೇ ಅಂತ ತಂಗಿಯನ್ನು ಫೋನಿನಲ್ಲಿ ಕೇಳಿದೆ. "ಯಾವ ಬಾಯಲ್ಲಿ ಹೇಳ್ತಾರೆ ಅಕ್ಕ? ಅಂಗಡಿ ಬಾಗಲು ಹಾಕ್ಕೊಂಡು ಇವರೂ ಹೋಗಿ ಮರಳು ಜರಡಿ ಹಿಡಿದ್ರು," ಅಂದಳು.

ಗಾರೆ ಗಟ್ಟಿಯಾಯಿತು ಅಂತ ಹೇಳಿಕಳಿಸಿದಾಗ ಒಂದು ಭಾನುವಾರ ಹೋದೆವು. ತಾತ ಕಣದ ಬದುವಿನ ಮೇಲೆ ಕಾಯುತ್ತಿದ್ದರು. ಹುಡುಗಿ ಅಭ್ಯಾಸಬಲದಿಂದ ಚಪ್ಪಲಿ ಬಿಡಲು ಹೋದಳು.

"ಬ್ಯಾಡ. ಆ ನಿನ್ನ ಆಟದ ಮೆಟ್ಟು ಹಾಕ್ಕಂಡೇ ಬಾ," ಅಂದರು ತಾತ.

ನನ್ನ ತಂಗಿ ನನ್ನ ಮುಖ ನೋಡಿದಳು. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅವಳು ಅಂಥ ಮಾತು ಕೇಳಿದ್ದು ಅದೇ ಮೊದಲು.

ಹುಡುಗಿ ಶೂ ಹಾಕಿಕೊಂಡು ಬಂದು ಚೆಂಡನ್ನು ಗಾರೆಯ ಮೇಲೆ ಬಡಿದಳು. ಎದ್ದಿತು. ಸೊಂಟಕ್ಕೆ ಬಂತು. ತಾತ ಮಗನ ಕಡೆ ನೋಡಿ ತಲೆಯಾಡಿಸಿದರು. ಮಗ ಆಚೆ ತುದಿಯಿಂದ ಒಂದು ಚೆಂಡು ಹಾಕಿದ, ಅದೂ ಎದ್ದಿತು. ಇನ್ನೊಂದು ಸ್ವಲ್ಪ ಪಕ್ಕಕ್ಕೆ ಬಿತ್ತು. ಅಲ್ಲಿ ಕೆಳಗಿನ ಮಣ್ಣು ಇನ್ನೂ ಕೂತಿರಲಿಲ್ಲವೋ ಏನೋ, ಸತ್ತ ಹಾಗೆ ಬಿದ್ದುಕೊಂಡಿತು. ಅದನ್ನು ಹಿಡಿಯಲು ಹುಡುಗಿ ಓಡಿಬಂದು ಕಾಲೂರಿದಲ್ಲಿ ಗಾರೆ ಸೀಳಿತು. ಆಮೇಲೆ ಒಂದು ಚೆಂಡು ಸೀಳಿಗೆ ತಾಗಿ ಎತ್ತಲೋ ಹೋಯಿತು. ತಾತ ಹೋಗಿ ಕುಕ್ಕರಗಾಲಲ್ಲಿ ಕೂತು ಸೀಳಿನ ಮೇಲೆ ಅಂಗೈ ಇಟ್ಟರು.

"ಅಡಿಪಾಯ ಇನ್ನೊಂದೀಟು ಕುಟ್ಟಿಸಬೇಕಾಗಿತ್ತು. ಆತುರ ಬಿದ್ದೆ."

"ಚೆನ್ನಾಗೈತೆ ಬುಡು ತಾತ. ಸಾಕು ನಂಗೆ," ಅಂದಳು ಹುಡುಗಿ. ನಮ್ಮ ಮನೆಯಲ್ಲಿದ್ದಾಗ ತಾತನ ಹಾಗೆ ಐತೆ, ಬುಡು ಅಂತ ಮಾತಾಡುವವಳಲ್ಲ ಅವಳು. ತಾತನ ಪಕ್ಕ ಕೂತಳು. ಇಬ್ಬರೂ ಆ ಸೀಳನ್ನು ನೋಡುತ್ತಾ ಕೂತರು. ನಾನು ಒಳಗೆ ಹೋಗಿ ಸುಮ್ಮನೆ ಒಲೆಯ ಮುಂದೆ ನಿಂತೆ, ಅಲ್ಲಿ ಮಾಡಲು ಕೆಲಸವೇನೂ ಇರಲಿಲ್ಲ.

ಆರು ತಿಂಗಳು ಕಳೆಯಿತು. ಹುಡುಗಿ, ಅವಳಪ್ಪ, ನಾನು ಬೆಂಗಳೂರಿಗೆ ಹೋಗಿ ಕೋಚನ್ನು ಕಂಡೆವು. ಅವಳು ತುಂಬ ಸುಧಾರಿಸಿದ್ದಳು, ನನ್ನಂಥವಳ ಕಣ್ಣಿಗೂ ಗೊತ್ತಾಗುವಷ್ಟು. ಎತ್ತರದ ಚೆಂಡನ್ನು ಹೊಡೆಯುತ್ತಿದ್ದಳು. ಆದರೆ ಪ್ರತಿ ಸಲ ಹೊಡೆಯುವ ಮುಂಚೆ ಒಂದು ಚೂರು ಯೋಚನೆ ಮಾಡುತ್ತಿದ್ದಳು. ಕೋಚು ಅವಳ ಎದುರು ಆಡಲು ನಿಲ್ಲಿಸಿದ್ದ ಹುಡುಗಿ ಯೋಚನೆ ಮಾಡುತ್ತಿರಲಿಲ್ಲ.

"ಯೂನಿವರ್ಸಿಟಿ ಟೀಮಿಗೆ ಇವಳನ್ನ ಕಣ್ಣು ಮುಚ್ಕೊಂಡು ತಗೋತಾರೆ," ಅಂದ ಕೋಚು.

"ಪ್ರೊಫೆಷನಲ್ ಸಾರ್?" ಅಂದ ಅಪ್ಪ.

ಕೋಚು ಕೈಯಲ್ಲಿದ್ದ ಚೆಂಡಿನ ಮೇಲಿನ ನವಿರು ನಾರನ್ನು ಬೆರಳಲ್ಲಿ ಕೀಳುತ್ತಾ ನಿಂತ. "ಇವಳ ವಾರಿಗೆಯೋರು ಆಗಲೇ ಹೊರದೇಶಕ್ಕೆ ಹೋಗಿ ಆಡಿ ಬರ್ತಾ ಇದಾರೆ. ಇವಳು ಅವರ ಹಾಗೆ ಆಗೋ ಹೊತ್ತಿಗೆ ಅವರು ಅಲ್ಲೇ ನಿಂತಿರ್ತಾರಾ ಸಾರ್? ನೀವೇ ಹೇಳಿ. ನಾನು ಆಗುತ್ತೆ ಅಂದ್ರೆ ನೀವು ಮನೆ ಮಾರಿಯಾದ್ರೂ ಆಡಿಸ್ತೀರ. ಅದಕ್ಕೇ ಹೇಳ್ತಾ ಇಲ್ಲ."

ಕಾರಿನಲ್ಲಿ ಬರುವಾಗ ನೆಲಮಂಗಲ ದಾಟಿದೆವು. ಆಮೇಲೆ ತಂಗಿಯ ಗಂಡ ರಸ್ತೆಯ ಮೇಲೇ ಕಣ್ಣಿಟ್ಟು, "ಅಕ್ಕ, ನಮ್ಮಪ್ಪ ಆ ಕಣ ಮಾಡದೇ ಇದ್ದಿದ್ರೆ ಇವಳು ಟೆನಿಸ್ ಆಡ್ತಾನೇ ಇರ್ಲಿಲ್ಲ, ಅಲ್ವಾ?" ಅಂದ.

"ಹೌದಪ್ಪ."

"ಮತ್ತೆ ಯಾರನ್ನ ಬಯ್ಯಲಿ ಹೇಳಿ."

ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಹುಡುಗಿ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ನಿದ್ದೆ ಬಂದಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಅವಳ ಬಲಗೈಯನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟುಕೊಂಡೆ. ನನ್ನಿಂದಾಗಿದ್ದು ಅಷ್ಟೇ.

ಇದಾಗಿ, ಅವಳ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಕೋಚಿನಿಂದ ಫೋನು ಬಂತು. ಅವನ ಕೈಕೆಳಗೆ ಆಡುವ ಒಬ್ಬ ಹುಡುಗಿ, ನಮ್ಮವಳ ವಯಸ್ಸಿನವಳೇ, ಹೊರದೇಶಕ್ಕೆ ಹುಲ್ಲಿನ ಕೋರ್ಟಿನಲ್ಲಿ ಆಡಲು ಹೊರಟಿದ್ದಳು. ಹುಲ್ಲಿನ ಮೇಲೆ ಚೆಂಡು ಏಳುವುದಿಲ್ಲವಂತೆ, ಜಾರುತ್ತದಂತೆ. ಅಂಥ ಚೆಂಡು ಹಾಕಿಕೊಟ್ಟು ಅವಳನ್ನು ತಯಾರು ಮಾಡಲು ನಮ್ಮ ಹುಡುಗಿಯಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ, ಕಳಿಸಿಕೊಡ್ತೀರಾ ಅಂತ ಕೇಳಿದ. ಅಪ್ಪ ಮಗಳ ಮುಖ ನೋಡಿದ. ಹೋಗ್ತೀನಿ ಅಂದಳು. ಹೋದಳು. ಕೆಲವು ವಾರ ಅಲ್ಲೇ ಇದ್ದು, ಆ ಹುಡುಗಿ ವಿಮಾನ ಹತ್ತಿದ ದಿನ ಇವಳು ತುಮಕೂರಿನ ಬಸ್ಸು ಹತ್ತಿದಳು.

ತುಮಕೂರಿನಲ್ಲೇ, ಶೆಟ್ಟಿಹಳ್ಳಿಯ ನೆಂಟರ ಮನೆಗೆ ಬಂದಿದ್ದ ನಾನೇ ಬಸ್ ಸ್ಟ್ಯಾಂಡಿಗೆ ಹೋಗಿ ಅವಳನ್ನು ಇಳಿಸಿಕೊಂಡೆ. ಹೊಟ್ಟೆ ಹಸಿದಿದೆ ಅಂದಳು. ಎದುರಿನ ಹೋಟೆಲಿನಲ್ಲಿ ತಟ್ಟೆ ಇಡ್ಲಿ ಹೇಳಿದೆವು.

"ಹೆಂಗಿದ್ಲೇ ಆ ಹುಡುಗಿ?" ಅಂತ ಕೇಳಿದೆ.

"ಒಳ್ಳೇವಳು ದೊಡ್ಡಮ್ಮ. ಮೊದಲನೇ ದಿನ ನನ್ನ ಬಾಲು ಒಂದೂ ಎತ್ತಕ್ಕಾಗ್ತಿರ್ಲಿಲ್ಲ ಅವಳಿಗೆ. ಅತ್ತೇಬಿಟ್ಲು." ಇಡ್ಲಿಯ ಒಂದು ತುಂಡು ಮುರಿದು ಚಟ್ನಿಗೆ ಅದ್ದಿದಳು. "ಕೊನೇ ದಿನ ಎಲ್ಲಾನೂ ಎತ್ತಿದ್ಲು."

ಇನ್ನೊಂದು ಇಡ್ಲಿ ತರಿಸಿದೆ. ತಿಂದಳು. ಆಮೇಲೆ ನಾವಿಬ್ಬರೂ ಗುಬ್ಬಿ ಬಸ್ಸಿಗೆ ಹೋಗಿ ಕೂತೆವು.